ರಿಜಿಸ್ಟ್ರಿ ಕ್ಲೀನರ್ ಬೇಕಾ? ಮಾವನ ಅಂಗಡಿಯಲ್ಲಿ ಕಲಿತ ಪಾಠ

ದಾವಣಗೆರೆಯಲ್ಲಿ ನಮ್ಮ ಸೋದರಮಾವನದು ಒಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು, ಬಾಂಡ್ ಪೇಪರ್ ಟೈಪಿಂಗ್, ಇಂಥವು. ಕೆಲವು ವರ್ಷದ ಹಿಂದೆ ಅಲ್ಲಿನ ಕಂಪ್ಯೂಟರ್ ಆನ್ ಆಗೋಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. 'ನೀನು ಓದಿದೋನು, ಏನಾದ್ರೂ ಮಾಡಪ್ಪ' ಅಂದ್ರು ಮಾವ.

ನಾನು ದೊಡ್ಡ ಪಂಡಿತನ ಹಾಗೆ ಒಂದು ಉಚಿತ ರಿಜಿಸ್ಟ್ರಿ ಕ್ಲೀನರ್ ಹಾಕಿದೆ. ಎರಡೇ ನಿಮಿಷ, ಕೆಂಪಕ್ಷರದಲ್ಲಿ ಬಂತು: ಸಾವಿರಕ್ಕೂ ಹೆಚ್ಚು ದೋಷಗಳಿವೆ! ಮಾವನ ಮುಖ ನೋಡಬೇಕಿತ್ತು. 'ಎಲ್ಲವನ್ನೂ ಸರಿಪಡಿಸು' ಅನ್ನೋ ಬಟನ್ ಒತ್ತಿದೆ. ಬ್ಯಾಕಪ್ ತಗೋಬೇಕು ಅಂತ ಹೊಳೀಲೇ ಇಲ್ಲ. ರೀಸ್ಟಾರ್ಟ್ ಮಾಡಿದ್ರೆ ಕಂಪ್ಯೂಟರ್ ಅಷ್ಟೇ ನಿಧಾನ. ಮೇಲಿಂದ ಕನ್ನಡ ಟೈಪಿಂಗ್ ತಂತ್ರಾಂಶ 'ಲೈಸೆನ್ಸ್ ಇಲ್ಲ' ಅಂತಿದೆ. ಬೆಳಿಗ್ಗೆ ಒಂದು ಮದುವೆ ಕಾರ್ಡಿನ ಪ್ರೂಫ್ ಕೊಡಬೇಕು. ಮಾವ ಬೈಯಲಿಲ್ಲ, ಸುಮ್ಮನೆ ಕೂತರು. ಅದೇ ಹೆಚ್ಚು ಕಷ್ಟ ಆಯ್ತು.

ಅಸಲಿಗೆ ರಿಜಿಸ್ಟ್ರಿ ಅಂದ್ರೇನು? ವಿಂಡೋಸ್ ಮತ್ತು ಅದರಲ್ಲಿರುವ ತಂತ್ರಾಂಶಗಳು ತಮ್ಮ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ. ಮೊದಲು ಇವೆಲ್ಲ ಬಿಡಿಬಿಡಿ ಐಎನ್ಐ ಫೈಲುಗಳಲ್ಲಿ ಇರ್ತಿದ್ವು. ವಿಂಡೋಸ್ 95ರ ಹೊತ್ತಿಗೆ ರಿಜಿಸ್ಟ್ರಿಯೇ ಮುಖ್ಯವಾಯಿತು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಅಂದ್ಕೊಳ್ಳಿ. ಹಳೇ ಗಿರಾಕಿಗಳ ಪುಟ ಹಾಗೇ ಉಳಿದಿದ್ರೆ ಅಂಗಡಿಯವನಿಗೆ ಏನೂ ತೊಂದರೆ ಇಲ್ಲ, ನಿಮ್ಮ ಹೆಸರಿನ ಪುಟಕ್ಕೆ ನೇರ ಹೋಗ್ತಾನೆ. ವಿಂಡೋಸ್ ಕೂಡ ಹಾಗೇ ಹುಡುಕುತ್ತೆ. ಲಕ್ಷಗಟ್ಟಲೆ ನಮೂದುಗಳಲ್ಲಿ ಸಾವಿರ ತೆಗೆದರೆ ವೇಗ ಹೆಚ್ಚೋದಿಲ್ಲ. ಆದರೆ ಯಾವ ಪುಟ ಬೇಡ ಅಂತ ಊಹಿಸಿ ಹರಿಯೋಕೆ ಹೊರಗಿನವನನ್ನು ಕೂರಿಸಿದ್ರೆ? ಕ್ಲೀನರ್ ಮಾಡೋದು ಅದನ್ನೇ.

ಮೈಕ್ರೋಸಾಫ್ಟ್ ಒಂದು ಕಾಲದಲ್ಲಿ ತಾನೇ ರೆಗ್‌ಕ್ಲೀನ್ ಅನ್ನೋದನ್ನ ಕೊಡ್ತಿತ್ತು, ಆಮೇಲೆ ನಿಲ್ಲಿಸ್ತು. ಈಗ ಇಂಥ ಕ್ಲೀನರ್‌ಗಳನ್ನು ತಾನು ಬೆಂಬಲಿಸೋದಿಲ್ಲ ಅಂತಲೇ ಹೇಳಿದೆ. ಇನ್ನೊಂದು ಮಾತು, ಇದು ರಿಜಿಸ್ಟ್ರಿಗಷ್ಟೇ ಸಂಬಂಧಿಸಿದ್ದಲ್ಲ: 2017ರಲ್ಲಿ ಸಿಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ಹ್ಯಾಕರ್‌ಗಳು ಕುತಂತ್ರಾಂಶ ಸೇರಿಸಿದ್ರು. ಸುಮಾರು 22 ಲಕ್ಷ ಜನ ಅದನ್ನು ಬಳಸಿದ್ರು. ಅದೂ ಕಂಪನಿಯ ಅಧಿಕೃತ ಡೌನ್‌ಲೋಡ್. ಸ್ವಚ್ಛ ಮಾಡೋಕೆ ಬರೋರಿಗೆ ನಾವು ಮನೆಯ ಅಷ್ಟೂ ಬೀಗದ ಕೈ ಕೊಟ್ಟಿರ್ತೀವಲ್ಲ.

ಆ ರಾತ್ರಿ ಹಳೇ ಸಿಡಿ ಹುಡುಕಿ ಮತ್ತೆ ಇನ್‌ಸ್ಟಾಲ್ ಮಾಡಿದ್ವಿ. ಲೈಸೆನ್ಸ್ ನಂಬರ್ ಬರೆದ ಚೀಟಿ ಲಕ್ಷ್ಮಿ ಫೋಟೋ ಹಿಂದೆ ಸಿಕ್ತು! ಹನ್ನೊಂದೂವರೆಗೆ ಪ್ರೂಫ್ ಪ್ರಿಂಟ್ ಆಯ್ತು.

ನಿಧಾನಕ್ಕೆ ಕಾರಣ ಬೇರೆಯೇ ಇತ್ತು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಹತ್ತಾರು ತಂತ್ರಾಂಶ ಸಾಲುಗಟ್ಟಿದ್ವು. ಬೇಡದ್ದನ್ನು ಆಫ್ ಮಾಡಿದೆ. ಹಳೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ವಿ. ನಿಜವಾದ ವ್ಯತ್ಯಾಸ ಬಂದಿದ್ದು ಅಲ್ಲಿ. ಯಾವುದೋ ನಿರ್ದಿಷ್ಟ ದೋಷಕ್ಕೆ ರಿಜಿಸ್ಟ್ರಿ ಮುಟ್ಟಲೇಬೇಕಾದ್ರೆ, ಮೊದಲು ರಿಸ್ಟೋರ್ ಪಾಯಿಂಟ್ ಮಾಡಿ, ಆ ಒಂದು ಕೀಯನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಮುಟ್ಟಿ.

ಮಾವ ಈಗಲೂ ನಾನು ಅಂಗಡಿಗೆ ಹೋದ್ರೆ ಮಾನಿಟರ್ ಆಫ್ ಮಾಡಿ, ಆಮೇಲೆ ಟೀ ತರಿಸ್ತಾರೆ.