ಮನೆಯ ತೆರಿಗೆ, ಮನೆಯ ಹಕ್ಕು

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ಹಿರಿಯರ ಮಾತು. ಕಟ್ಟಿದ ಮನೆಯನ್ನು ಪಂಚಾಯಿತಿಯ ಪುಸ್ತಕದಲ್ಲಿ ಬರೆಯಿಸಿ ನೋಡು ಎಂಬ ಮೂರನೆಯ ಮಾತನ್ನು ಅವರು ಸೇರಿಸಲಿಲ್ಲ. ಅವರ ಕಾಲಕ್ಕೆ ಅದರ ಅಗತ್ಯವಿರಲಿಲ್ಲ. ನಮ್ಮ ಕಾಲಕ್ಕೆ ಉಂಟು. ಗ್ರಾಮ ಪಂಚಾಯಿತಿಯ ಅಧಿಕಾರಕ್ಕೂ ಮನೆಯ ಯಜಮಾನನ ಹಕ್ಕಿಗೂ ನಡುವೆ ರಾಜ್ಯದ ಶಾಸನವು ಹೇಗೆ ನಿಂತಿದೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ. ಶಾಸನವೆಂದೊಡನೆ ಅದು ವಕೀಲರ ಪಾಡು ಎಂದು ಶ್ರೋತೃಗಳು ಬೇಸರಪಡಬಾರದು. ನಗರದಲ್ಲಿ ಉದ್ಯೋಗ, ಊರಿನಲ್ಲಿ ತಂದೆಯ ಕಾಲದ ಮನೆ, ಅದರ ಸುತ್ತ ಹತ್ತಿಪ್ಪತ್ತು ಸೆಂಟ್ಸು ಹಿತ್ತಲು, ಇಷ್ಟು ಉಳ್ಳವರು ನಮ್ಮಲ್ಲಿ ಬಹು ಮಂದಿ ಇದ್ದೇವೆ. ಇದು ನಮ್ಮ ಮನೆಯ ಮಾತೇ.

ವಿಷಯವು ಬರಿಯ ತತ್ತ್ವದಲ್ಲಿ ತೇಲಿಹೋಗದಿರಲೆಂದು ಒಂದು ಊರನ್ನು ಆಧಾರವಾಗಿ ಹಿಡಿಯೋಣ. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಬಿಜೂರು ಎಂಬ ಗ್ರಾಮವಿದೆ. ಕೊಂಕಣ ರೈಲಿನಲ್ಲಿ ಹೋಗುವವರಿಗೆ ಅಲ್ಲಿ ಅದೇ ಹೆಸರಿನ ಚಿಕ್ಕ ನಿಲ್ದಾಣವೊಂದು ಸಿಕ್ಕುತ್ತದೆ. 1956ನೆಯ ನವೆಂಬರ್ ತಿಂಗಳವರೆಗೆ ಈ ಊರು ಮದರಾಸು ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಹೊಸದಾಗಿ ಆದ ಉಡುಪಿ ಜಿಲ್ಲೆಗೆ ಸೇರಿತು. 2018ರಲ್ಲಿ ಕುಂದಾಪುರದಿಂದ ಬೇರೆಯಾದ ಬೈಂದೂರು ತಾಲ್ಲೂಕಿನ ಪಾಲಿಗೆ ಬಂದಿತು. ರಾಜ್ಯ, ಜಿಲ್ಲೆ, ತಾಲ್ಲೂಕು ಮೂರೂ ಬದಲಾದರೂ ಊರಿನ ರೂಪ ಮಾತ್ರ ಬದಲಾಗಲಿಲ್ಲ. ನಮ್ಮ ವಿಚಾರಕ್ಕೆ ಮುಖ್ಯವಾದದ್ದು ಆ ರೂಪವೇ.

ಮಂಡ್ಯ ತುಮಕೂರುಗಳ ಕಡೆಯ ಹಳ್ಳಿಯನ್ನು ನೋಡಿರಿ. ಮನೆಗೆ ಮನೆ ತಾಗಿಕೊಂಡಿರುತ್ತದೆ. ನಡುವೆ ಬೀದಿ, ಒಂದು ಕಡೆ ದೇವಸ್ಥಾನ, ಆಚೆಗೆ ಕೆರೆ, ಊರಿನ ಸುತ್ತ ಹೊಲಗದ್ದೆ. ಜನರು ವಾಸಮಾಡುವ ನೆಲಕ್ಕೂ ಬೆಳೆ ಬೆಳೆಯುವ ನೆಲಕ್ಕೂ ನಡುವೆ ಗೆರೆ ಎಳೆದಂತೆ ಇರುತ್ತದೆ. ಸರ್ವೆಯವರು ಆ ವಾಸದ ನೆಲವನ್ನು ಬೇರೆಯಾಗಿ ಗುರುತಿಸಿ ಗ್ರಾಮಠಾಣಾ ಎಂದು ಕರೆದರು. ಕರಾವಳಿಯಲ್ಲಿ ಹಾಗಲ್ಲ. ಬಿಜೂರಿನಂಥ ಊರಿನಲ್ಲಿ ಒಬ್ಬೊಬ್ಬನ ಮನೆಯೂ ಅವನವನ ಗದ್ದೆಯ ಮೇಲಂಚಿನಲ್ಲಿ, ತೆಂಗಿನ ತೋಟದ ನಡುವೆ, ಹಕ್ಕಲಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ. ಮನೆಗಳ ಹೆಸರೇ ಬೆಟ್ಟು, ಹಿತ್ಲು, ಬೈಲು, ಹಕ್ಲು ಎಂದು ನೆಲದ ಗುಣವನ್ನು ಹೇಳುತ್ತವೆ. ಒಂದು ಮನೆಯಿಂದ ಇನ್ನೊಂದಕ್ಕೆ ಗದ್ದೆಯ ಅಂಚಿನ ಮೇಲೆ ಕಾಲುದಾರಿ. ಇಲ್ಲಿ ಊರು ಎಲ್ಲಿ ಮುಗಿಯಿತು, ಬೇಸಾಯದ ಭೂಮಿ ಎಲ್ಲಿ ಮೊದಲಾಯಿತು ಎಂದು ಕೇಳಿದರೆ ಉತ್ತರವಿಲ್ಲ. ಎರಡೂ ಒಂದೇ.

ಇನ್ನು ಶಾಸನದ ಕಡೆಗೆ ಬರೋಣ. ಒಂದು ಮನೆಗೆ ಸಂಬಂಧಪಟ್ಟಂತೆ ಸರಕಾರದಲ್ಲಿ ಮೂರು ಪುಸ್ತಕಗಳು ನಡೆಯುತ್ತವೆ. ಮೊದಲನೆಯದು ಕಂದಾಯ ಇಲಾಖೆಯ ಪಹಣಿ. ಯಾವ ಸರ್ವೆ ನಂಬರಿನ ಭೂಮಿ ಯಾರ ಅನುಭೋಗದಲ್ಲಿದೆ ಎಂಬುದು ಅದರಲ್ಲಿದೆ. ಎರಡನೆಯದು ಉಪನೋಂದಣಾಧಿಕಾರಿಯ ಪುಸ್ತಕ; 1908ರ ನೋಂದಣಿ ಕಾಯಿದೆಯಂತೆ ಕ್ರಯ, ಪಾಲು, ದಾನ ಮುಂತಾದ ಪತ್ರಗಳು ಅಲ್ಲಿ ದಾಖಲಾಗುತ್ತವೆ. ಮೂರನೆಯದು ಗ್ರಾಮ ಪಂಚಾಯಿತಿಯ ತೆರಿಗೆಯ ಪುಸ್ತಕ. ಈ ಮೂರೂ ಮೂರು ಕಚೇರಿಗಳಲ್ಲಿ, ಮೂರು ಕಾಯಿದೆಗಳ ಕೆಳಗೆ ಬೆಳೆದುಬಂದವು. ಇವುಗಳಲ್ಲಿ ಯಾವುದೊಂದೂ ತಾನೇ ಪೂರ್ಣವಾದ ಹಕ್ಕುಪತ್ರವಲ್ಲ. ಪಹಣಿಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ, ಅಳಿಯುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1996ರ ಒಂದು ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ತೆರಿಗೆಯ ರಸೀದಿಗಾದರೆ ಅಷ್ಟು ಬಲವೂ ಇಲ್ಲ. ಆದರೂ ನಮ್ಮ ಜನ ರಸೀದಿಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುವುದುಂಟು. ನಲವತ್ತು ವರ್ಷ ತೆರಿಗೆ ಪಡೆದ ಸರಕಾರವು ನಾಳೆ ನಿನ್ನ ಮನೆಯನ್ನು ಕಾಣೆ ಎನ್ನಲಾರದು ಎಂಬ ವಿಶ್ವಾಸ ಅವರದು. ಈ ವಿಶ್ವಾಸಕ್ಕೆ ಶಾಸನವು ಎಷ್ಟರ ಮಟ್ಟಿಗೆ ಆಧಾರ ಕೊಡುತ್ತದೆ ಎಂಬುದೇ ಇಂದಿನ ಪ್ರಶ್ನೆ.

ಸಂವಿಧಾನದ 73ನೆಯ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಪಂಚಾಯತ್ ರಾಜ್ ಅಧಿನಿಯಮವೂ ಬಂದಿತು. ಆ ಅಧಿನಿಯಮದ 199ನೆಯ ಪ್ರಕರಣವು ಕಟ್ಟಡಗಳ ಮೇಲೂ ಕೃಷಿಯ ಕಂದಾಯಕ್ಕೆ ಒಳಪಡದ ಭೂಮಿಯ ಮೇಲೂ ತೆರಿಗೆ ಹಾಕುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೆ ಕೊಟ್ಟಿತು. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಇದು ಪ್ರಧಾನವಾದದ್ದು. ಬೀದಿಯ ದೀಪ, ಕುಡಿಯುವ ನೀರು, ಚರಂಡಿ ಇವುಗಳಿಗೆ ಊರಿನವರೇ ಕೊಟ್ಟು ಊರಿನವರೇ ಲೆಕ್ಕ ಕೇಳಬಹುದಾದ ಹಣ ಇದು. ಮೇಲಿನಿಂದ ಬರುವ ಅನುದಾನಕ್ಕೆ ಮೇಲಿನವರ ಷರತ್ತುಗಳು ಜೊತೆಗೇ ಬರುತ್ತವೆ. ಮನೆಗಂದಾಯಕ್ಕೆ ಆ ಷರತ್ತಿಲ್ಲ. ಆದುದರಿಂದ ಸ್ಥಳೀಯ ಸ್ವರಾಜ್ಯದ ಬೇರು ಇಲ್ಲಿದೆ ಎಂದರೆ ತಪ್ಪಾಗಲಾರದು.

2013ರಲ್ಲಿ ತೆರಿಗೆಯ ಈ ಪುಸ್ತಕಕ್ಕೆ ಹೊಸ ಮಹತ್ತ್ವ ಒದಗಿತು. ಪಂಚಾಯಿತಿಗಳ ಲೆಕ್ಕಪತ್ರದ ನಿಯಮಗಳನ್ನು ತಿದ್ದಿ, ಇ-ಸ್ವತ್ತು ಎಂಬ ಗಣಕಯಂತ್ರದ ಏರ್ಪಾಟನ್ನು ತಂದರು. ಆಸ್ತಿಯ ವಿವರಕ್ಕೆ ನಮೂನೆ 9. ತೆರಿಗೆಯ ಬೇಡಿಕೆ, ವಸೂಲಿ, ಬಾಕಿಗಳಿಗೆ ನಮೂನೆ 11. ಈ ಹನ್ನೊಂದನ್ನು ಮತ್ತೆ ಎ ಮತ್ತು ಬಿ ಎಂದು ಎರಡಾಗಿ ಮಾಡಿದರು. ಗ್ರಾಮಠಾಣಾದೊಳಗೆ ಇರುವ ಆಸ್ತಿ, ಅಥವಾ ಕೃಷಿಯಿಂದ ವಾಸಕ್ಕೆ ಪರಿವರ್ತನೆಯಾಗಿ ನಕ್ಷೆಗೆ ಅನುಮೋದನೆ ಪಡೆದ ಆಸ್ತಿ, ಅಥವಾ ಸರಕಾರದ ವಸತಿಯೋಜನೆಗಳಲ್ಲಿ ದೊರೆತ ಆಸ್ತಿಗೆ 9 ಮತ್ತು 11ಎ, ಉಳಿದವಕ್ಕೆ 11ಬಿ. ಕರಾವಳಿಯ ಜನ ಈ ವಿಷಯವನ್ನೆಲ್ಲ "ನೈನ್ ಇಲೆವೆನ್" ಎಂಬ ಎರಡೇ ಪದಗಳಲ್ಲಿ ಅಡಗಿಸಿದ್ದಾರೆ. ಅಮೆರಿಕದವರಿಗೆ ಆ ಸಂಖ್ಯೆಗಳು ಬೇರೊಂದು ದುಃಖದ ನೆನಪು. ನಮ್ಮ ಕುಂದಾಪುರ ಬೈಂದೂರುಗಳ ಕಡೆ ಅವು ಪಂಚಾಯಿತಿಯ ಬಾಗಿಲಿಗೆ ಅಲೆದ ನೆನಪು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಂದೆಗೆ ಅರ್ಧ ಎಕರೆ, ಎಂದರೆ ಐವತ್ತು ಸೆಂಟ್ಸು ಹಿತ್ತಲು. ಅದರ ನಡುವೆ ಕೆಂಪುಕಲ್ಲಿನ ಹಂಚಿನ ಮನೆ. ಮಕ್ಕಳು ಮೂವರು. ಒಬ್ಬನು ಬೆಂಗಳೂರಿನಲ್ಲಿ ಹೋಟೆಲು ನಡೆಸುತ್ತಾನೆ, ಇನ್ನೊಬ್ಬನು ಮುಂಬಯಿಯಲ್ಲಿದ್ದಾನೆ, ಮಗಳು ಊರಿನಲ್ಲಿ ತಾಯಿಯೊಂದಿಗಿದ್ದಾಳೆ. ಪಾಲಾಯಿತು, ಪಹಣಿಯಲ್ಲಿ ಮೂರು ಹೆಸರು ಬಂದವು. ಮಗಳು ಹಳೆಯ ಮನೆಯನ್ನು ತನ್ನ ಪಾಲಿಗೆ ಪಡೆದು, ಸೋರುವ ಮಾಡನ್ನು ತೆಗೆದು ಗಟ್ಟಿಯಾದ ಮನೆ ಕಟ್ಟಬೇಕೆಂದು ಬ್ಯಾಂಕಿಗೆ ಹೋಗುತ್ತಾಳೆ. ಬ್ಯಾಂಕಿನವರು ನಮೂನೆ 9 ಕೇಳುತ್ತಾರೆ. ಪಂಚಾಯಿತಿಯವರು, ಅಮ್ಮಾ, ನಿಮ್ಮ ಮನೆ ಗ್ರಾಮಠಾಣಾದಲ್ಲಿಲ್ಲ, ಭೂಮಿ ಪರಿವರ್ತನೆಯಾಗಿಲ್ಲ ಎನ್ನುತ್ತಾರೆ. ಪರಿವರ್ತನೆಗೆ 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಅರ್ಜಿ. ಅದಾದಮೇಲೆ ನಗರ ಮತ್ತು ಗ್ರಾಮಾಂತರ ಯೋಜನೆಯವರಿಂದ ನಕ್ಷೆಯ ಅನುಮೋದನೆ. ಅವರು ರಸ್ತೆ ಎಲ್ಲಿ ಎಂದು ಕೇಳುತ್ತಾರೆ. ರಸ್ತೆಯಿಲ್ಲ, ಗದ್ದೆಯಂಚಿನ ಕಾಲುದಾರಿಯುಂಟು. ಅಜ್ಜನ ಕಾಲದಿಂದ ಮನೆಯಿದೆ, ತೆರಿಗೆ ಸಂದಿದೆ, ವಿದ್ಯುತ್ತು ಬಂದಿದೆ. ಇಷ್ಟಾದರೂ ನಮೂನೆಯ ಪಾಲಿಗೆ ಆ ಮನೆ ಇನ್ನೂ ಹೊಲದ ಒಂದು ಭಾಗ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಇಲ್ಲಿ ಪಂಚಾಯಿತಿಯ ಗುಮಾಸ್ತನನ್ನು ದೂರುವುದು ಸುಲಭ. ಆದರೆ ಆತನು ನಿಯಮವನ್ನು ಮೀರಿ ಬರೆದುಕೊಟ್ಟರೆ ಮುಂದೆ ತನಿಖೆಗೆ ನಿಲ್ಲತಕ್ಕವನೂ ಅವನೇ. ನಿಯಮಕ್ಕೂ ತಕ್ಕ ಕಾರಣವಿದೆ. ಬೆಂಗಳೂರಿನ ಸುತ್ತಮುತ್ತ ಬೇಸಾಯದ ಭೂಮಿಯನ್ನು ಕೊಂಡು, ಪರಿವರ್ತನೆಯಿಲ್ಲದೆ, ರಸ್ತೆ ಚರಂಡಿಗಳಿಲ್ಲದೆ, ನಿವೇಶನಗಳಾಗಿ ಕತ್ತರಿಸಿ ಮಾರಿದವರು ಕಡಮೆಯಲ್ಲ. ಪಂಚಾಯಿತಿಯ ಖಾತೆಯನ್ನು ತೋರಿಸಿ ಹಣ ಪಡೆದು ಅವರು ಹೊರಟುಹೋದರು. ಕೊಂಡ ಬಡ ಸಂಸಾರಗಳು ಕೆಸರಿನಲ್ಲಿ ಉಳಿದವು. ಆ ಮೋಸಕ್ಕೆ ಕಡಿವಾಣ ಬೇಕಾಗಿತ್ತು, ಹಾಕಿದ್ದು ಸರಿ. ಆದರೆ ನಿವೇಶನ ಮಾಡಿ ಮಾರುವ ವರ್ತಕನನ್ನು ಹಿಡಿಯಲು ಬೀಸಿದ ಬಲೆಯಲ್ಲಿ, ತನ್ನ ಹಿತ್ತಲಿನಲ್ಲಿ ತಾನು ವಾಸಮಾಡುವ ಗೃಹಸ್ಥನೂ ಸಿಕ್ಕಿಬಿದ್ದಿದ್ದಾನೆ. ಬಯಲುಸೀಮೆಯ ಊರಿನ ಚಿತ್ರವನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ನಿಯಮಕ್ಕೆ ಕರಾವಳಿಯ ಊರು ಊರಾಗಿಯೇ ಕಾಣಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ತೊಂದರೆಯ ಮೂಲ ಇಷ್ಟೇ.

ಕೇಂದ್ರ ಸರಕಾರದವರು 2020ನೆಯ ಏಪ್ರಿಲ್ 24ರಂದು ಆರಂಭಿಸಿದ ಸ್ವಾಮಿತ್ವ ಯೋಜನೆಯಲ್ಲಿಯೂ ಇದೇ ಚಿತ್ರವನ್ನು ಕಾಣಬಹುದು. ಡ್ರೋನ್ ಯಂತ್ರಗಳನ್ನು ಹಾರಿಸಿ, ಮೇಲಿನಿಂದ ಚಿತ್ರ ತೆಗೆದು, ಹಳ್ಳಿಯ ಮನೆಗಳಿಗೆ ಆಸ್ತಿಯ ಚೀಟಿ ಕೊಡುವುದು ಅದರ ಉದ್ದೇಶ. ಮೊದಲ ಪ್ರಯೋಗಕ್ಕೆ ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಉದ್ದೇಶ ಒಳ್ಳೆಯದೇ. ಆದರೆ ಅಳತೆಗೆ ಆರಿಸಿದ್ದು ಜನವಸತಿಯ ನೆಲವನ್ನು. ಉತ್ತರ ದೇಶದವರ ಮಾತಿನಲ್ಲಿ ಆಬಾದಿ. ಆಬಾದಿಯೂ ಗ್ರಾಮಠಾಣಾವೂ ಹೆಚ್ಚು ಕಡಮೆ ಒಂದೇ ಕಲ್ಪನೆ. ವಸತಿಯೂ ಬೇಸಾಯವೂ ಬೆರೆತ ಊರಿನಲ್ಲಿ ಡ್ರೋನ್ ಎಲ್ಲಿಯವರೆಗೆ ಹಾರಬೇಕು?

ಕರಾವಳಿಯ ವಿಶೇಷವನ್ನು ಶಾಸನವು ಎಂದೂ ಗಮನಿಸಿಲ್ಲವೆ ಎಂದರೆ, ಗಮನಿಸಿದೆ. ದಕ್ಷಿಣ ಕನ್ನಡದಲ್ಲಿ ವರ್ಗದಾರನ ಭೂಮಿಯ ಅಂಚಿನಿಂದ ನೂರು ಗಜದ ದೂರದವರೆಗಿನ ಸರಕಾರಿ ನೆಲಕ್ಕೆ ಕುಮ್ಕಿ ಎಂದು ಹೆಸರು. ಅಲ್ಲಿಂದ ಸೊಪ್ಪು ಸೌದೆ ತರುವ ಸವಲತ್ತು ಅವನಿಗೆ ಹಳೆಯ ಕಾಲದಿಂದ ಇತ್ತು. ಏಕೀಕರಣವಾದಮೇಲೆ 1964ರಲ್ಲಿ ರಾಜ್ಯಕ್ಕೆಲ್ಲ ಒಂದೇ ಭೂಕಂದಾಯ ಅಧಿನಿಯಮ ಮಾಡಿದಾಗ, ಅದರ 79ನೆಯ ಪ್ರಕರಣದಲ್ಲಿ ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನ, ಉತ್ತರ ಕನ್ನಡದ ಬೆಟ್ಟ, ಹಾಡಿ, ಕೊಡಗಿನ ಜಮ್ಮಾ ಇವುಗಳ ಸವಲತ್ತು ಮುಂದುವರಿಯತಕ್ಕದ್ದೆಂದು ಹೆಸರು ಹಿಡಿದು ಹೇಳಿದರು. ಸೊಪ್ಪಿಗೆ ಸೌದೆಗೆ ತೋರಿಸಿದ ಆ ಗಮನವನ್ನು ವಾಸದ ಮನೆಗೆ ತೋರಿಸಲಾಗದೆ?

ಈಚಿನ ವರ್ಷಗಳಲ್ಲಿ ವಿಷಯವು ಇನ್ನಷ್ಟು ಬಿಗಿಯಾಗಿದೆ. 2024ರಲ್ಲಿ ಕೃಷಿಯೇತರ ಆಸ್ತಿಯ ನೋಂದಣಿಗೆ ಇ-ಖಾತೆಯನ್ನು ಕಡ್ಡಾಯ ಮಾಡಿದರು. ಕಳ್ಳಪತ್ರಗಳ ತಡೆಗೆ ಇದು ಒಳ್ಳೆಯದು. ಖಾತೆಯಿಲ್ಲದವನಿಗೆ ಮಾತ್ರ ಮಾರುವ ಬಾಗಿಲೂ ಮುಚ್ಚಿತು. 2025ರಲ್ಲಿ ಪಂಚಾಯತ್ ರಾಜ್ ಶಾಸನವನ್ನು ತಿದ್ದಿ, ಅನುಮತಿಯಿಲ್ಲದೆ ಆದ ನಿವೇಶನ ಕಟ್ಟಡಗಳನ್ನೂ ಪುಸ್ತಕಕ್ಕೆ ತಂದು ತೆರಿಗೆ ವಸೂಲು ಮಾಡುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಟ್ಟರು. ಇದರಿಂದ ಪಂಚಾಯಿತಿಯ ಬೊಕ್ಕಸಕ್ಕೆ ಲಾಭವುಂಟು, ಪುಸ್ತಕದ ಹೊರಗೆ ಉಳಿದಿದ್ದ ಮನೆ ಲೆಕ್ಕಕ್ಕೆ ಸಿಕ್ಕುತ್ತದೆ. ಆದರೆ ತೆರಿಗೆ ಪಡೆದ ಮಾತ್ರಕ್ಕೆ ಅಕ್ರಮವು ಸಕ್ರಮವಾಗದು. ಅಜ್ಜನ ಕಾಲದ ಹಿತ್ತಲ ಮನೆಯೂ ಮೊನ್ನೆ ಕತ್ತರಿಸಿ ಮಾರಿದ ನಿವೇಶನವೂ ಒಂದೇ ಸಾಲಿನಲ್ಲಿ ಕೂತವು. ತೆರಿಗೆಯ ದೃಷ್ಟಿಗೆ ಭೇದ ಬೇಡ. ನ್ಯಾಯದ ದೃಷ್ಟಿಗೆ ಬೇಕು.

ಹಾಗಾದರೆ ಆಗಬೇಕಾದದ್ದೇನು? ಮೂರು ಮಾತುಗಳನ್ನು ಸೂಚಿಸುತ್ತೇವೆ. ಒಂದು: ನಿವೇಶನಗಳ ಬಡಾವಣೆ ಮಾಡುವವನನ್ನೂ ಸ್ವಂತ ಭೂಮಿಯಲ್ಲಿ ಸ್ವಂತಕ್ಕೆ ಒಂದೇ ಮನೆ ಮಾಡಿಕೊಳ್ಳುವವನನ್ನೂ ಶಾಸನದ ಮಾತಿನಲ್ಲಿಯೇ ಬೇರೆ ಮಾಡಬೇಕು. ಮನೆಗಳು ಚದುರಿರುವ ಜಿಲ್ಲೆಗಳಲ್ಲಿ, ಹಳೆಯ ತೆರಿಗೆಯ ಪುಸ್ತಕದಲ್ಲಿ ಕಾಣುವ ವಾಸದ ಮನೆಗೂ ಅದರ ಅಂಗಳಕ್ಕೂ ಗ್ರಾಮಠಾಣಾದ ಮನೆಗೆ ಸಮನಾದ ಸ್ಥಾನ ಸಲ್ಲಬೇಕು. ಎರಡು: ಅದನ್ನು ತೀರ್ಮಾನಿಸುವ ಅಧಿಕಾರ ಗ್ರಾಮ ಪಂಚಾಯಿತಿಯಲ್ಲಿ ಇರಬೇಕು. ಆ ಮನೆ ಯಾವ ಕಾಲದ್ದು, ದಾರಿ ಯಾವುದು ಎಂಬುದು ದೂರದ ಕಚೇರಿಗಿಂತ ಊರಿಗೆ ಚೆನ್ನಾಗಿ ಗೊತ್ತು. ಊರಿನವರ ದಾಕ್ಷಿಣ್ಯಕ್ಕೂ ದ್ವೇಷಕ್ಕೂ ಎಡೆಯಾಗದಂತೆ ಸರ್ವೆಯ ನಕ್ಷೆ, ಗೊತ್ತಾದ ಅವಧಿ, ತಾಲ್ಲೂಕಿನಲ್ಲಿ ಮೇಲ್ಮನವಿ ಇವು ಇರತಕ್ಕದ್ದು. ಮೂರು: ಮೂರು ಪುಸ್ತಕಗಳಲ್ಲಿಯೂ ಒಂದು ಮನೆಗೆ ಒಂದೇ ಗುರುತು ಇರಬೇಕು. ಪಹಣಿಯಲ್ಲಿ ಸರ್ವೆ ನಂಬರು, ಪಂಚಾಯಿತಿಯಲ್ಲಿ ಬಾಗಿಲ ನಂಬರು, ನೋಂದಣಿಯಲ್ಲಿ ಚಕ್ಕುಬಂದಿ ಎಂದು ಮೂರು ಬಗೆಯಾದರೆ ವ್ಯಾಜ್ಯ ತಪ್ಪದು.

ಶಾಸನ ತಿದ್ದುವುದು ಶಾಸಕರ ಕೆಲಸ. ಅದಕ್ಕಾಗಿ ಕಾಯುವಾಗ ನಾವು ಸುಮ್ಮನಿರಬೇಕಾದದ್ದಿಲ್ಲ. ಊರಿನಲ್ಲಿ ಪಾಲಾಗಬೇಕಾದ ಆಸ್ತಿಯುಳ್ಳವರು ಹಿರಿಯರು ಬದುಕಿರುವಾಗಲೇ ಬಾಯಿಮಾತಿನ ಪಾಲನ್ನು ಬಿಟ್ಟು ಪತ್ರವನ್ನು ನೋಂದಣಿ ಮಾಡಿಸಬೇಕು. ಪಾಲಿಗೆ ಮೊದಲು ಸರ್ವೆಯವರಿಂದ 11ಇ ನಕ್ಷೆ ಮಾಡಿಸಿ, ದಾರಿಯನ್ನೂ ಬಾವಿಯನ್ನೂ ಅದರಲ್ಲಿ ತೋರಿಸಬೇಕು. ದಾರಿಯನ್ನು ಬರೆಯದೆ ಬಿಟ್ಟ ಪಾಲುಪತ್ರವೇ ಮುಂದಿನ ತಲೆಮಾರಿನ ಜಗಳಕ್ಕೆ ಬೀಜ. ತೆರಿಗೆಯ ರಸೀದಿಗಳು ಒಡೆತನವನ್ನು ಕೊಡದಿದ್ದರೂ ಮನೆಯ ವಯಸ್ಸನ್ನು ಹೇಳುತ್ತವೆ, ಅವನ್ನು ಎಸೆಯಬಾರದು. ಪಹಣಿಯಲ್ಲಿ ಇನ್ನೂ ಕೃಷಿಯೆಂದಿರುವ ನೆಲದ ಐದು ಸೆಂಟ್ಸನ್ನು ನಿವೇಶನವೆಂದು ಮಾರಲು ಬಂದವರಿಂದ, ಬೆಲೆ ಎಷ್ಟೇ ಕಡಮೆಯಿದ್ದರೂ, ಕೊಳ್ಳಬಾರದು.

ನಗರದಲ್ಲಿರುವ ನಾವು ಊರಿನ ಗ್ರಾಮಸಭೆಗೆ ಹೋಗುವುದು ಅಪರೂಪ. ಜಾತ್ರೆಗೆ, ಮದುವೆಗೆ ಹೋಗುತ್ತೇವೆ. ವರ್ಷಕ್ಕೊಮ್ಮೆಯಾದರೂ ಗ್ರಾಮಸಭೆಯ ದಿನವನ್ನು ವಿಚಾರಿಸಿಕೊಂಡು ಹೋಗಿ, ನಮ್ಮ ಮನೆ ಯಾವ ನಮೂನೆಯಲ್ಲಿದೆ, ನಾವು ಕೊಟ್ಟ ತೆರಿಗೆ ಯಾವುದಕ್ಕೆ ವೆಚ್ಚವಾಯಿತು ಎಂಬ ಎರಡು ಪ್ರಶ್ನೆಗಳನ್ನು ಕೇಳುವುದಾದರೆ, ಪಂಚಾಯಿತಿಯ ಪುಸ್ತಕವೂ ಸರಿಯಾದೀತು, ಶಾಸಕರಿಗೆ ಬಿಜೂರಿನಂಥ ಊರುಗಳ ರೂಪವೂ ಪರಿಚಯವಾದೀತು.