ಮೇಷ್ಟ್ರು ಏಕೆ ಬಿಟ್ಟುಹೋದರು?

1921ರಲ್ಲಿ ಮೈಸೂರಿನಲ್ಲಿ ನಡೆದ ಒಂದು ಬೀಳ್ಕೊಡುಗೆಯ ಪ್ರಸಂಗವನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಬೋಧಿಸುತ್ತಿದ್ದ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೊರಟಿದ್ದರು. ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟಿನಲ್ಲಿ ಗುರುಗಳನ್ನು ಕೂರಿಸಿ, ಕುದುರೆಗಳ ಬದಲಿಗೆ ತಾವೇ ಅದನ್ನು ಎಳೆದುಕೊಂಡು ರೈಲು ನಿಲ್ದಾಣದವರೆಗೆ ಕರೆದೊಯ್ದರು. 1962ರಿಂದ ಪ್ರತಿವರ್ಷ ಸೆಪ್ಟೆಂಬರ್ 5ರಂದು ನಾವು ಶಿಕ್ಷಕರ ದಿನವನ್ನು ಆಚರಿಸುವಾಗ ಈ ಪ್ರಸಂಗ ಒಂದಲ್ಲ ಒಂದು ಭಾಷಣದಲ್ಲಿ ಬಂದೇ ಬರುತ್ತದೆ.

ಆದರೆ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಂದು ರಾಧಾಕೃಷ್ಣನ್ ಅವರು ಒಂದು ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದ ಅಧ್ಯಾಪಕರು. ಇನ್ನೂ ದೊಡ್ಡ ಹುದ್ದೆಗೆ ಹೊರಟಿದ್ದರು. ಗುರುವಾದವರು ಹೀಗೆ ಬಿಟ್ಟುಹೋಗಬಹುದೇ ಎಂಬ ಆಕ್ಷೇಪಣೆ ಆ ಕಥೆಯಲ್ಲಿ ಬರುವುದಿಲ್ಲ. ಇಂದು ನಮ್ಮ ಶಾಲೆ ಕಾಲೇಜುಗಳಿಂದ ಅನೇಕ ಅಧ್ಯಾಪಕರು ಹೊರನಡೆಯುತ್ತಿದ್ದಾರೆ. ಅವರಿಗೆ ಸಾರೋಟು ಇಲ್ಲ, ಹಾರ ಇಲ್ಲ. ಸೋಮವಾರ ಬೆಳಿಗ್ಗೆ ವೇಳಾಪಟ್ಟಿಯಲ್ಲಿ ಅವರ ಹೆಸರಿನ ಜಾಗ ಖಾಲಿಯಾಗಿರುತ್ತದೆ, ಅಷ್ಟೆ. ಅವರು ಏಕೆ ಹೋದರು, ಅವರಿಂದ ನಾವು ಏನನ್ನು ನಿರೀಕ್ಷಿಸುತ್ತಿದ್ದೆವು, ಅದಕ್ಕೆ ಏನನ್ನು ಕೊಡುತ್ತಿದ್ದೆವು ಎಂಬುದು ಇಂದಿನ ವಿಚಾರ.

ನಿಮ್ಮ ಗಣಿತ ಪುಸ್ತಕದ ತೊಟ್ಟಿ ಮತ್ತು ನಲ್ಲಿಯ ಲೆಕ್ಕವನ್ನು ನೆನಪಿಸಿಕೊಳ್ಳಿ. ಮೇಲಿನ ನಲ್ಲಿಯಿಂದ ನೀರು ತುಂಬುತ್ತದೆ, ಕೆಳಗಿನ ತೂತಿನಿಂದ ಸೋರುತ್ತದೆ. ಸೋರಿಕೆ ಹೆಚ್ಚಾದರೆ ಮೇಲಿನ ನಲ್ಲಿಯನ್ನು ಎಷ್ಟು ತಿರುಗಿಸಿದರೂ ತೊಟ್ಟಿ ತುಂಬುವುದಿಲ್ಲ. ಶಿಕ್ಷಕರ ಕೊರತೆಯ ಲೆಕ್ಕವೂ ಇದೇ. 2030ರ ವೇಳೆಗೆ ಪ್ರಪಂಚಕ್ಕೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕಾಗುತ್ತಾರೆ ಎಂದು ಯುನೆಸ್ಕೊ ಅಂದಾಜು ಮಾಡಿದೆ. ಅದೇ ಸಂಸ್ಥೆಯ ಲೆಕ್ಕದಂತೆ, ಪ್ರಾಥಮಿಕ ಶಾಲಾ ಶಿಕ್ಷಕರಲ್ಲಿ ವರ್ಷಕ್ಕೆ ವೃತ್ತಿಯಿಂದ ಹೊರಹೋಗುವವರ ಪ್ರಮಾಣ 2015ರಲ್ಲಿ ಶೇಕಡ 4.6ರಷ್ಟಿತ್ತು, 2022ರಲ್ಲಿ ಅದು ಸುಮಾರು ಶೇಕಡ 9 ಆಯಿತು. ಅಂದರೆ ಏಳು ವರ್ಷಗಳಲ್ಲಿ ತೂತು ಇಮ್ಮಡಿಯಾಯಿತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುತ್ತಿರುವವರಿಗೆ 'ಅತಿಥಿ ಉಪನ್ಯಾಸಕರು' ಎಂಬ ಮಾತು ಚೆನ್ನಾಗಿ ಗೊತ್ತು. ನಮ್ಮ ಮನೆಗಳಲ್ಲಿ ಅತಿಥಿ ಎಂದರೆ ಎರಡು ದಿನ ಇದ್ದು ಹೋಗುವವರು. ಈ ಕಾಲೇಜುಗಳಲ್ಲಿ ಹತ್ತು, ಹದಿನೈದು ವರ್ಷಗಳಿಂದ ಪಾಠ ಮಾಡುತ್ತಿರುವ ಅತಿಥಿಗಳಿದ್ದಾರೆ. ರಾಜ್ಯದಲ್ಲಿ ಇವರ ಸಂಖ್ಯೆ ಹತ್ತು ಸಾವಿರದ ಆಸುಪಾಸಿನಲ್ಲಿದೆ. ಎಷ್ಟೋ ಕಾಲೇಜುಗಳಲ್ಲಿ ಪಾಠದ ಹೊರೆಯ ಹೆಚ್ಚಿನ ಪಾಲು ಇವರ ಹೆಗಲ ಮೇಲಿದೆ. ಬೇಸಗೆ ರಜೆಯಲ್ಲಿ ಇವರಿಗೆ ಗೌರವಧನ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಆಯ್ಕೆಪಟ್ಟಿ.

2022ರ ಜನವರಿಯವರೆಗೆ ಇವರ ತಿಂಗಳ ಗೌರವಧನ ಅರ್ಹತೆಗೆ ಅನುಗುಣವಾಗಿ 11,000 ಅಥವಾ 13,000 ರೂಪಾಯಿ ಇತ್ತು. ಚಳವಳಿಯ ನಂತರ ಸರ್ಕಾರ ಅದನ್ನು 26,000ದಿಂದ 32,000ದವರೆಗೆ ಏರಿಸಿತು. ಜೊತೆಗೆ ವಾರಕ್ಕೆ ಸುಮಾರು 8ರಿಂದ 10 ಗಂಟೆಗಳಿದ್ದ ಪಾಠದ ಹೊರೆಯನ್ನು 15 ಗಂಟೆಗೆ ಹೆಚ್ಚಿಸಿತು. ಕೇಳಿದವರು ಇಷ್ಟು ದೊಡ್ಡ ಏರಿಕೆ ಸಿಕ್ಕ ಮೇಲೂ ಅಸಮಾಧಾನವೇಕೆ ಎಂದರು. ಒಂದು ಲೆಕ್ಕ ಮಾಡಿ ನೋಡೋಣ.

ಒಂದು ಕಾಲೇಜಿನಲ್ಲಿ ವಾರಕ್ಕೆ 120 ಗಂಟೆಗಳ ಪಾಠ ಅತಿಥಿ ಉಪನ್ಯಾಸಕರ ಪಾಲಿಗಿದೆ ಎಂದುಕೊಳ್ಳಿ. ಒಬ್ಬರಿಗೆ 8 ಗಂಟೆಯಾದರೆ 15 ಮಂದಿ ಬೇಕು. ಒಬ್ಬರಿಗೆ 15 ಗಂಟೆಯಾದರೆ 8 ಮಂದಿ ಸಾಕು. ಎಂಟು ಮಂದಿಯ ಸಂಬಳ ಹೆಚ್ಚಿತು, ಏಳು ಮಂದಿ ಮನೆಗೆ ಹೋದರು. ಹಣದ ಕಡೆಯಿಂದಲೂ ನೋಡಿ. ಮೊದಲು 15 ಮಂದಿಗೆ ತಲಾ 13,000ದಂತೆ 1,95,000 ರೂಪಾಯಿ. ನಂತರ 8 ಮಂದಿಗೆ ತಲಾ 32,000ದಂತೆ 2,56,000 ರೂಪಾಯಿ. ಹೀಗೆ ಸರ್ಕಾರದ ಖರ್ಚೂ ಹೆಚ್ಚಾಯಿತು, ಕೆಲಸ ಕಳೆದುಕೊಂಡವರ ಭಯವೂ ನಿಜವಾಗಿತ್ತು. ನಮ್ಮ ಚರ್ಚೆಗಳಲ್ಲಿ ಒಂದು ಪಕ್ಷ ಹೇಳುವುದು ಸತ್ಯವಾದರೆ ಇನ್ನೊಂದು ಸುಳ್ಳಾಗಿರಲೇಬೇಕು ಎಂದು ಭಾವಿಸುತ್ತೇವೆ. ಇಲ್ಲಿ ಎರಡೂ ಸತ್ಯ.

ಇನ್ನೊಂದು ಹೋಲಿಕೆಯನ್ನೂ ಮಾಡಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿಯ 2018ರ ನಿಯಮಗಳಂತೆ ಕಾಯಂ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಯುಜಿಸಿಯ ಏಳನೇ ವೇತನ ಶ್ರೇಣಿಯಲ್ಲಿ ಅವರ ಆರಂಭಿಕ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಬೇರೆ. ಅತಿಥಿಗಳಿಗೆ ಒಂದು ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ಅದೇ ಯುಜಿಸಿ 2019ರಲ್ಲಿ ಸೂಚಿಸಿತ್ತು. ಕಾಯಂ ಅಧ್ಯಾಪಕರಿಗೆ ಪಾಠದ ಹೊರತಾಗಿ ಸಂಶೋಧನೆ, ಆಡಳಿತದ ಹೊಣೆಗಳೂ ಇವೆ ಎಂಬುದು ನಿಜ. ಆದರೂ 15 ಗಂಟೆಗೂ 16 ಗಂಟೆಗೂ ಇರುವ ಅಂತರ ಒಂದೇ ಗಂಟೆ ಎಂಬುದನ್ನು ಮರೆಯುವಂತಿಲ್ಲ.

2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಮತ್ತೆ ತರಗತಿಗಳನ್ನು ಬಹಿಷ್ಕರಿಸಿದರು. ಈ ಬಾರಿ ಮುಖ್ಯ ಬೇಡಿಕೆ ಸೇವೆಯ ಕಾಯಮಾತಿ. ಸರ್ಕಾರ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000 ರೂಪಾಯಿಗಳ ಏರಿಕೆಯನ್ನೂ, ದೀರ್ಘಕಾಲ ದುಡಿದು 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿಗಳ ಇಡಿಗಂಟನ್ನೂ ಪ್ರಕಟಿಸಿತು, ಕಾಯಮಾತಿಗೆ ಒಪ್ಪಲಿಲ್ಲ. ಇದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪಿನಂತೆ, ಸಂವಿಧಾನ ಹೇಳುವ ಮುಕ್ತ ಸ್ಪರ್ಧೆಯ ನೇಮಕಾತಿಯನ್ನು ಬದಿಗಿಟ್ಟು ತಾತ್ಕಾಲಿಕ ನೌಕರರನ್ನು ಸುಮ್ಮನೆ ಕಾಯಂ ಮಾಡುವಂತಿಲ್ಲ. ಇಂದು ಸ್ನಾತಕೋತ್ತರ ತರಗತಿಯಲ್ಲಿರುವ ನೀವು ನಾಳೆ ಎನ್.ಇ.ಟಿ. ಪಾಸು ಮಾಡಿ ಬಂದಾಗ ಬಾಗಿಲು ತೆರೆದಿರಬೇಕಲ್ಲವೇ? ಆದರೆ ಆ ಬಾಗಿಲನ್ನು ವರ್ಷಗಟ್ಟಲೆ ತೆರೆಯದೆ, ಹೊರಗೆ ಜಗಲಿಯ ಮೇಲೆ ಕುಳಿತವರಿಂದಲೇ ಮನೆಯ ಕೆಲಸ ಮಾಡಿಸಿಕೊಂಡು, ಕೊನೆಗೆ ನೀವು ಬಾಗಿಲಿನಿಂದ ಬಂದವರಲ್ಲ ಎನ್ನುವುದು ನ್ಯಾಯವೇ? ಕಾಲಕಾಲಕ್ಕೆ ನೇಮಕಾತಿ ನಡೆದಿದ್ದರೆ ಈ ಜಗಳವೇ ಇಷ್ಟು ಬೆಳೆಯುತ್ತಿರಲಿಲ್ಲ.

ಸಂಬಳದ ಮಾತು ಇಷ್ಟಾಯಿತು. ಇನ್ನು ನಿರೀಕ್ಷೆಗಳ ಮಾತು. ಹಿಂದೆ ನಮ್ಮ ಹಳ್ಳಿಗಳ ಕೂಲಿಮಠಗಳಲ್ಲಿ ಅಕ್ಷರ, ಲೆಕ್ಕ, ಮಗ್ಗಿ ಕಲಿಸುತ್ತಿದ್ದ ಅಯ್ಯನವರಿಗೆ ಮಕ್ಕಳ ಮನೆಯವರು ದವಸವನ್ನೋ ಕಾಸನ್ನೋ ಕೊಡುತ್ತಿದ್ದರು. 'ಕೂಲಿ' ಎಂಬ ಮಾತಿನಲ್ಲಿ ಆಗ ಯಾರಿಗೂ ಅವಮಾನ ಕಾಣಲಿಲ್ಲ. ಕಲಿಸುವುದು ಕೆಲಸ, ಕೆಲಸಕ್ಕೆ ಕೂಲಿ. ಆಮೇಲೆ ಎಲ್ಲಿಂದಲೋ ಗುರು ಎಂದರೆ ತ್ಯಾಗಮೂರ್ತಿ, ಸಂಬಳ ಕೇಳುವುದು ಅವನಿಗೆ ಭೂಷಣವಲ್ಲ ಎಂಬ ಮಾತು ನಮ್ಮ ಭಾಷಣಗಳಲ್ಲಿ ಸೇರಿಕೊಂಡಿತು. ಗೌರವ ಒಳ್ಳೆಯದೇ. ಆದರೆ ದಿನಸಿ ಅಂಗಡಿಯಲ್ಲಿ ಗೌರವವನ್ನು ತೆಗೆದುಕೊಂಡು ಅಕ್ಕಿ ಕೊಡುವುದಿಲ್ಲ.

ಶಾಲಾ ಶಿಕ್ಷಕರ ವಿಷಯದಲ್ಲಿ ಕಾನೂನು ಏನನ್ನು ನಿರೀಕ್ಷಿಸುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಪಾಠದ ಸಿದ್ಧತೆಯೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸ. ಸಿದ್ಧತೆಯೂ ಕೆಲಸವೇ ಎಂದು ಕಾನೂನು ಒಪ್ಪಿಕೊಂಡಿದೆ ಎಂಬುದನ್ನು ಗಮನಿಸಿ. ಅದೇ ಕಾಯಿದೆಯ 27ನೇ ಪ್ರಕರಣ ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ; ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಇವಿಷ್ಟಕ್ಕೆ ವಿನಾಯಿತಿ. ಆದರೆ ಶಾಲೆಯ ಬಾಗಿಲಿನೊಳಗೆ ಹೋಗಿ ನೋಡಿದರೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಸಮವಸ್ತ್ರ ಮತ್ತು ಪುಸ್ತಕದ ಲೆಕ್ಕ, ಇವೆಲ್ಲವನ್ನೂ ಕಂಪ್ಯೂಟರಿನಲ್ಲಿ ತುಂಬುವ ಕೆಲಸ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆಗೂ ಹೋದವರಲ್ಲಿ ಹೆಚ್ಚಿನವರು ಶಿಕ್ಷಕರೇ. ಅದು ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಇವುಗಳಲ್ಲಿ ಯಾವುದೂ ನಿರುಪಯುಕ್ತ ಕೆಲಸವಲ್ಲ. ಮಗುವಿಗೆ ಊಟ ಬೇಕು, ಸಮಾಜಕ್ಕೆ ಅಂಕಿಅಂಶ ಬೇಕು. ಆದರೆ ಇದನ್ನೆಲ್ಲ ಮಾಡಿದ ಮೇಲೆ ಫಲಿತಾಂಶ ಕುಸಿದರೆ ನೋಟೀಸು ಬರುವುದೂ ಅದೇ ಶಿಕ್ಷಕರಿಗೆ.

ಸಂಬಳ ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆಯೇ? ಇಂಗ್ಲೆಂಡಿನ ಉದಾಹರಣೆ ನೋಡಿ. ಅಲ್ಲಿ ಭೌತಶಾಸ್ತ್ರದ ಶಿಕ್ಷಕರಾಗಲು ತರಬೇತಿಗೆ ಬರುವವರಿಗೆ ಸರ್ಕಾರವೇ 27,000 ಪೌಂಡುಗಳ ಸಹಾಯಧನ ಕೊಡುತ್ತಿತ್ತು. ಆದರೂ 2023-24ರಲ್ಲಿ ತರಬೇತಿಗೆ ಸೇರಿದವರು ಗುರಿಯ ಶೇಕಡ 17ರಷ್ಟು ಮಾತ್ರ. ಆ ವರ್ಷ ಅಲ್ಲಿನ ಸರ್ಕಾರ ಹೊರದೇಶದ ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರಿಗೆ ಬಂದು ನೆಲೆಸಲು 10,000 ಪೌಂಡು ಕೊಡುವ ಯೋಜನೆ ಮಾಡಿತು. ಗಣಿತ ವಿಜ್ಞಾನಗಳ ಶಿಕ್ಷಕರಾಗಿ ಅಲ್ಲಿನ ಅರ್ಹತೆ ಪಡೆಯಬಹುದಾದ ದೇಶಗಳ ಪಟ್ಟಿಗೆ ಭಾರತವನ್ನೂ ಸೇರಿಸಿತು. ಅವರ ತೊಟ್ಟಿಯ ತೂತಿಗೆ ನಮ್ಮ ತೊಟ್ಟಿಯ ನೀರು! ಅಲ್ಲಿ ವೃತ್ತಿ ಬಿಡುವವರು ಸಂಬಳದಷ್ಟೇ ಗಟ್ಟಿಯಾಗಿ ಹೇಳುವ ಇನ್ನೊಂದು ಕಾರಣ ಕೆಲಸದ ಹೊರೆ. ಆದ್ದರಿಂದ ಹಣ ಅಗತ್ಯ, ಹಣವೊಂದೇ ಸಾಲದು.

ಈಗ ನಿಮ್ಮೆದುರು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಬಿಟ್ಟುಹೋದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಬಿ.ಎಸ್ಸಿ. ಮುಗಿಸಿದ ಮೇಲೆ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಒಂದೂವರೆ ವರ್ಷ ವಿಜ್ಞಾನ ಪಾಠ ಮಾಡಿದೆ. ರಿಜಿಸ್ಟರಿನಲ್ಲಿ ಸಹಿ ಹಾಕುತ್ತಿದ್ದ ಮೊತ್ತ ಒಂದು, ಕೈಗೆ ಬರುತ್ತಿದ್ದ ಮೊತ್ತ ಇನ್ನೊಂದು. ಕೈಗೆ ಬರುತ್ತಿದ್ದುದು ತಿಂಗಳಿಗೆ 1,800 ರೂಪಾಯಿ. ಅದರಲ್ಲಿ ರೂಮಿನ ಬಾಡಿಗೆ, ಊಟ ಕಳೆದು ಊರಿಗೆ ಕಳುಹಿಸಲು ಏನೂ ಉಳಿಯುತ್ತಿರಲಿಲ್ಲ. ಬೇರೆ ಕೆಲಸ ಸಿಕ್ಕಿತು, ಒಂದು ನವೆಂಬರ್ ತಿಂಗಳಲ್ಲಿ ಬಿಟ್ಟೆ. ಹತ್ತನೇ ತರಗತಿಗೆ ಮಸೂರಗಳ ಪಾಠ ಅರ್ಧಕ್ಕೆ ನಿಂತಿತ್ತು. ಆ ಮಕ್ಕಳಿಗೆ ಎರಡು ವರ್ಷಗಳಲ್ಲಿ ನಾನು ಮೂರನೆಯ ವಿಜ್ಞಾನ ಶಿಕ್ಷಕ. ಕೊನೆಯ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ನೀವೂ ಹೋಗ್ತೀರಾ ಸಾರ್?" ಎಂದು ಕೇಳಿದ. ಆ 'ನೀವೂ' ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇಂದು ಯೋಚಿಸಿದರೆ, ನಾನು ಬಿಟ್ಟದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ. ಆದರೆ ನಷ್ಟ ಆಗಲಿಲ್ಲ ಎಂದೂ ಹೇಳಲಾರೆ. ಆ ನಷ್ಟವನ್ನು ಹೊತ್ತವನು ನಾನಲ್ಲ, ಆಡಳಿತ ಮಂಡಳಿಯೂ ಅಲ್ಲ; ಮಾರ್ಚಿಯಲ್ಲಿ ಪರೀಕ್ಷೆ ಬರೆದ ಆ ಹುಡುಗ. ಸಂಬಳದ ಚರ್ಚೆಯಲ್ಲಿ ಸರ್ಕಾರಕ್ಕೆ ದನಿಯಿದೆ, ಸಂಘಗಳಿಗೆ ದನಿಯಿದೆ. ಅರ್ಧಕ್ಕೆ ನಿಂತ ಪಾಠದ ಮುಂದೆ ಕುಳಿತವರಿಗೆ ದನಿಯಿಲ್ಲ. ಆದುದರಿಂದಲೇ ಈ ವಿಷಯವನ್ನು ನಿಮ್ಮ ಮುಂದೆ ಇಟ್ಟೆ.

ನಿಮ್ಮಿಂದ ಆಗುವ ಕೆಲಸವೂ ಇದೆ. ನಿಮ್ಮ ಕಾಲೇಜಿನಲ್ಲಿ ಕಾಯಂ ಅಧ್ಯಾಪಕರೆಷ್ಟು, ಅತಿಥಿಗಳೆಷ್ಟು, ಯಾವ ವಿಷಯಕ್ಕೆ ವರ್ಷದಲ್ಲಿ ಎಷ್ಟು ಸಲ ಅಧ್ಯಾಪಕರು ಬದಲಾದರು ಎಂದು ಲೆಕ್ಕ ಹಾಕಿ. ಭಾಷಣ ಸ್ಪರ್ಧೆಯಲ್ಲಿ ಗುರುವನ್ನು ಹೊಗಳುವುದರ ಜೊತೆಗೆ ಆ ಲೆಕ್ಕವನ್ನೂ ಹೇಳಿ. ನಿಮ್ಮ ಶಾಸಕರು ವಾರ್ಷಿಕೋತ್ಸವಕ್ಕೆ ಬಂದಾಗ ಕೇಳಿ. ಅತಿಥಿ ಉಪನ್ಯಾಸಕರೊಬ್ಬರು ವರ್ಷದ ಕೊನೆಯಲ್ಲಿ ಹೊರಟರೆ, ಸಾರೋಟು ಬೇಡ, ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದುಹೋಗಿ.

ಕೊನೆಯದಾಗಿ, ನಿಮ್ಮಲ್ಲಿ ಕೆಲವರಿಗೆ ಮೇಷ್ಟ್ರಾಗಬೇಕೆಂಬ ಆಸೆ ಇರುತ್ತದೆ. ಮನೆಯಲ್ಲಿ ಅಪ್ಪ ಅಮ್ಮ, "ಅದರಲ್ಲಿ ಏನಿದೆ?" ಎನ್ನಬಹುದು. ಏನಿದೆ ಎಂದು ಒಂದೂವರೆ ವರ್ಷ ಮಾತ್ರ ಕಲಿಸಿದ ನಾನೇ ಹೇಳಬಲ್ಲೆ. ಮಸೂರದಿಂದ ಸೂರ್ಯನ ಬೆಳಕನ್ನು ಕಾಗದದ ಮೇಲೆ ಕೂಡಿಸಿ ಹೊಗೆ ಎಬ್ಬಿಸಿದ ದಿನ ನಲವತ್ತು ಮಕ್ಕಳ ಮುಖ ಹೇಗಿತ್ತೆಂಬುದು ಇಪ್ಪತ್ತೈದು ವರ್ಷಗಳ ನಂತರವೂ ನೆನಪಿದೆ. ಆ ಆಸೆಯನ್ನು ಬಿಡಬೇಡಿ. ಆದರೆ ಆ ಆಸೆಯನ್ನೇ ನೆಪ ಮಾಡಿಕೊಂಡು ಯಾರಾದರೂ ನಿಮ್ಮ ಕೂಲಿಯನ್ನು ಕಡಿಮೆ ಮಾಡಲು ಬಂದರೆ, ಲೆಕ್ಕ ಕೇಳಿ. ಲೆಕ್ಕ ಕೇಳುವ ಮೇಷ್ಟ್ರು ಕೆಟ್ಟ ಮೇಷ್ಟ್ರಲ್ಲ.