ಓದಲಾರದ ಕಾಗದಕ್ಕೆ ರುಜು ಏಕೆ?

(ಇಳಕಲ್ಲಿನಲ್ಲಿ ನೇಕಾರರು, ಗಿರಣಿ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಸಾಲದ ಕಾಗದ ಬರುತ್ತದೆ, ಇಂಗ್ಲಿಷಿನಲ್ಲಿರುತ್ತದೆ. ಸೊಲ್ಲಾಪುರದ ಪೇಟೆಯಿಂದ ಪಟ್ಟಿ ಬರುತ್ತದೆ, ಮರಾಠಿಯಲ್ಲಿರುತ್ತದೆ. ಬೆರಳು ತೋರಿಸಿದಲ್ಲಿ ನಾವು ರುಜು ಹಾಕುತ್ತೇವೆ. ಏನು ಬರೆದಿದೆಯೆಂದು ಕೇಳಲು ನಮಗೆ ನಾಚಿಕೆ. ಕೇಳಿದರೆ ಹೇಳಲು ಅವರಿಗೆ ಪುರಸತ್ತಿಲ್ಲ. ದುಡಿಯುವವನು ತನ್ನ ದುಡಿಮೆಯ ಲೆಕ್ಕವನ್ನೇ ಓದಲಾರದೆ ಹೋದರೆ ಆ ದುಡಿಮೆಯ ಒಡೆಯ ಯಾರು? ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡು ನವನಗರ ಸೇರಿದ ಬಾಗಲಕೋಟೆಯವರನ್ನು ಕೇಳಿರಿ, ಕಾಗದ ಓದಲು ಬರುವುದರ ಬೆಲೆ ಹೇಳುತ್ತಾರೆ.

ನಮ್ಮ ವ್ಯವಹಾರ ನಮ್ಮ ಭಾಷೆಯಲ್ಲಿ ನಡೆಯಬೇಕು, ಇದು ಮೊದಲ ಮಾತು. 1952ರಲ್ಲಿ ವಿಧಾನಸಭೆಗೆ ಆರಿಸಿ ಹೋದ ಶಾಂತವೇರಿ ಗೋಪಾಲಗೌಡರು ಅಲ್ಲಿ ಕನ್ನಡಕ್ಕಾಗಿ ಹಟ ಹಿಡಿದದ್ದು ಇದಕ್ಕಾಗಿಯೇ. ಕನ್ನಡವನ್ನು ಆಡಳಿತ ಭಾಷೆ ಮಾಡುವ ಕಾಯಿದೆ 1963ರಲ್ಲಿ ಆಯಿತು. ಅದು ಪೂರ್ತಿ ಜಾರಿಯಾಗುವತನಕ ಹೋರಾಟ ಬಿಡತಕ್ಕದ್ದಲ್ಲ.

ಆದರೆ ಬೇರೆ ಭಾಷೆ ಕಲಿಯಬೇಡಿರೆಂದು ಸಮಾಜವಾದಿಗಳು ಎಂದೂ ಹೇಳಿಲ್ಲ. ಇಂಗ್ಲಿಷಿನ ದರ್ಬಾರನ್ನು ಕಟುವಾಗಿ ವಿರೋಧಿಸಿದ ಡಾ. ಲೋಹಿಯಾ, ಬರ್ಲಿನ್ನಿಗೆ ಹೋದಾಗ ಜರ್ಮನ್ ಕಲಿತು ಅಲ್ಲಿಯೇ ಡಾಕ್ಟರೇಟ್ ಪಡೆದರು. ಬಾದಾಮಿಯ ಮೂರನೆಯ ಗುಹೆಗೆ ಹೋಗಿರಿ. ಅಲ್ಲಿ ಮಂಗಲೇಶನ ಸಂಸ್ಕೃತ ಶಾಸನವಿದೆ, ಕನ್ನಡ ಶಾಸನವೂ ಇದೆ. ಎರಡು ಭಾಷೆಯ ನೆರೆಹೊರೆ ನಮಗೆ ಹೊಸದೇನಲ್ಲ.

"ವಯಸ್ಸಾಯಿತು, ನಮಗೆ ಯಾರು ಕಲಿಸಬೇಕು?" ಎನ್ನುತ್ತೀರಿ. ಅದೇ ಬಾದಾಮಿಯಲ್ಲಿ ಗುಹೆಗಳ ಮುಂದೆ ಎಳನೀರು ಮಾರುವವರಿಗೆ ಹಿಂದಿ ಕಲಿಸಿದವರಾರು? ಗಿರಾಕಿ ಆಡಿದ್ದನ್ನು ಕೇಳಿ ಕಲಿತರು. ಕಿವಿಗೆ ಬಂದದ್ದು ಕಣ್ಣಿಗೂ ಬರಬೇಕು, ಅಷ್ಟೇ. ಹಿಂದಿಗೂ ಮರಾಠಿಗೂ ಲಿಪಿ ಒಂದೇ. ಒಮ್ಮೆ ಕಲಿತರೆ ಎರಡು ಬಾಗಿಲು ತೆರೆಯುತ್ತವೆ. ತೆಲುಗಿನ ಅಕ್ಷರಗಳಂತೂ ನಮ್ಮ ಅಕ್ಷರಗಳ ಒಡಹುಟ್ಟುಗಳು. ದೊಡ್ಡ ವ್ಯಾಕರಣದಿಂದ ತೊಡಗಬೇಡಿರಿ. ನಿಮ್ಮದೇ ಪಟ್ಟಿ, ನಿಮ್ಮದೇ ಸಾಲದ ಕಾಗದ ಮುಂದಿಟ್ಟುಕೊಳ್ಳಿರಿ. ದಿನಕ್ಕೆ ಐದು ಮಾತು ಹೆಕ್ಕಿ ಬರೆಯಿರಿ, ಗಟ್ಟಿಯಾಗಿ ಓದಿರಿ, ಮರುದಿನ ನೋಡದೆ ಹೇಳಿರಿ. ತಪ್ಪಿದರೆ ನಗುವವರಿಲ್ಲ, ಹಾಜರಿ ಕರೆಯುವವರಿಲ್ಲ. ಕನ್ನಡದ ಅಕ್ಷರವೇ ಬಾರದವರು ಅಲ್ಲಿಂದಲೇ ತೊಡಗಲಿ.

ಇದಕ್ಕೊಂದು ಜಾಗ ಬೇಕು. ಒಂದೇ ಕೋಣೆಯಲ್ಲಿ ಮಗ್ಗ, ಒಲೆ, ತೊಟ್ಟಿಲು ಇರುವ ಮನೆಯಲ್ಲಿ ಓದುವುದೆಲ್ಲಿ? ಜಾಗ ನಮ್ಮದೇ ಇದೆ. ಗ್ರಂಥಾಲಯ ಕಾಯಿದೆ 1965ರಲ್ಲಿ ಬಂದಂದಿನಿಂದ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಸೇರಿದೆ. ಹಳ್ಳಿಗಳಲ್ಲಿ ಪಂಚಾಯತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಕರ ಕೊಟ್ಟವರು ನಾವು. ಆದರೆ ಬಾಗಿಲು ತೆರೆದಿರುವ ಹೊತ್ತು ನಾವು ಮಗ್ಗದ ಮೇಲೋ ಅಂಗಡಿಯಲ್ಲೋ ಇರುವ ಹೊತ್ತೇ ಆದರೆ, ಆ ಗ್ರಂಥಾಲಯ ಯಾರಿಗಾಗಿ?

ಆದುದರಿಂದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ, ಈ ನಾಲ್ಕೂ ಊರುಗಳಲ್ಲಿ ನಾವು ಮೂರು ಬೇಡಿಕೆ ಇಡೋಣ. ಒಂದು, ದುಡಿಮೆ ಮುಗಿದ ಮೇಲೆ ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರಲಿ. ಎರಡು, ಕನ್ನಡದ ಮೂಲಕ ಹಿಂದಿ, ಮರಾಠಿ, ತೆಲುಗು, ಇಂಗ್ಲಿಷು ಕಲಿಸುವ ಪುಸ್ತಕಗಳಿಗೂ ಕೇಳಿ ಕಲಿಯುವ ಸಾಧನಗಳಿಗೂ ಒಂದು ಮೂಲೆ ಇರಲಿ. ಮೂರು, ಬಲ್ಲವರೊಬ್ಬರು ವಾರಕ್ಕೊಮ್ಮೆ ಕೂತು ಸಂಶಯ ಬಿಡಿಸಲಿ. ಪರೀಕ್ಷೆ ಬೇಡ, ಸರ್ಟಿಫಿಕೇಟೂ ಬೇಡ. ನಮ್ಮ ಪಾಲಿನ ಕೆಲಸವೂ ಇದೆ: ಇಬ್ಬಿಬ್ಬರು ಜೊತೆಯಾಗಿ ಹೋಗುವುದು, ಬಿಡದೆ ಹೋಗುವುದು. ಕೋಣೆ ಖಾಲಿ ಬಿದ್ದರೆ ಅದೇ ನೆಪವಾಗಿ ಬೀಗ ಬೀಳುತ್ತದೆ.

ನೇಕಾರ ಬಂಧುಗಳೆ, ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಒಂದು ಮಾಡುತ್ತೀರಿ. ಕನ್ನಡ ನಮ್ಮ ಒಡಲು. ಅದಕ್ಕೆ ಬೇಕಾದ ಸೆರಗನ್ನು ನಮ್ಮ ಕೈಯಿಂದಲೇ ಕೂಡಿಸೋಣ. ಮುಂದಿನ ಸಲ ಕಾಗದ ಎದುರಿಗೆ ಬಂದಾಗ "ತಡೆಯಿರಿ, ಮೊದಲು ಓದುತ್ತೇನೆ" ಎನ್ನೋಣ.